ಅನಾನಸ್ ಸಿಪ್ಪೆಯ ಕಿಣ್ವವನ್ನು ಚರ್ಮದ ಲೇಪಗಳಿಗೆ ಮಾರಬಹುದೇ?

ಪ್ರಶ್ನೆ (ಹಾಸನ):
ಹಾಸನದ ಹೊರವಲಯದಲ್ಲಿ ನಮ್ಮದೊಂದು ಸಣ್ಣ ಹಣ್ಣು ಸಂಸ್ಕರಣಾ ಘಟಕವಿದೆ. ಅನಾನಸ್ ಕಾಲದಲ್ಲಿ ಹಣ್ಣಿನ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಸಿಪ್ಪೆ, ನಡುದಿಂಡು ಮತ್ತು ಜುಟ್ಟಿನ ರೂಪದಲ್ಲಿ ತಿಪ್ಪೆ ಸೇರುತ್ತದೆ. ಕೈಗವಸಿಲ್ಲದೆ ಹಣ್ಣು ಹೆಚ್ಚಿದ ಹೆಣ್ಣುಮಕ್ಕಳ ಬೆರಳತುದಿಗಳು ನಾಲ್ಕೈದು ದಿನಗಳಲ್ಲಿ ಎಷ್ಟು ನುಣುಪಾದವೆಂದರೆ, ಹಾಜರಾತಿ ಯಂತ್ರ ಅವರ ಹೆಬ್ಬೆಟ್ಟನ್ನೇ ಗುರುತಿಸಲಿಲ್ಲ. ಚರ್ಮವನ್ನು ಹೀಗೆ ಸವೆಸುವ ಅಂಶವನ್ನೇ ಮುಖದ ಲೇಪಗಳಲ್ಲಿ ಬಳಸುತ್ತಾರೆಂದು ಕೇಳಿದ್ದೇನೆ. ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿದರೆ ಸಾಕೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಚಿಕ್ಕಮಗಳೂರು):
ಸರ್, ಅದು ಬ್ರೊಮೆಲೈನ್, ಅಂದರೆ ಪ್ರೋಟೀನನ್ನು ತುಂಡರಿಸುವ ಕಿಣ್ವ. ಸತ್ತ ಚರ್ಮದ ಮೇಲ್ಪದರವೂ ಕೆರಾಟಿನ್ ಎಂಬ ಪ್ರೋಟೀನೇ ಆಗಿರುವುದರಿಂದ ಅದನ್ನು ಸಡಿಲಿಸಲು ಲೇಪಗಳಲ್ಲಿ ಇದನ್ನು ಸೇರಿಸುತ್ತಾರೆ. ವಾಣಿಜ್ಯ ಬ್ರೊಮೆಲೈನ್ ಬಹುಪಾಲು ಬರುವುದು ಕೊಯ್ಲಿನ ನಂತರ ಹೊಲದಲ್ಲುಳಿಯುವ ಕಾಂಡದಿಂದ. ಆದರೂ ಸಿಪ್ಪೆ ಮತ್ತು ದಿಂಡಿನಲ್ಲಿಯೂ ಅದು ಇದೆ.

ಒಣಗಿಸಿದರೆ ಸಾಲದು. ನಮ್ಮ ಮಳೆಗಾಲದಲ್ಲಿ ಸಿಪ್ಪೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಬೇಗ ಒಣಗಲೆಂದು 70 ಡಿಗ್ರಿ ದಾಟಿ ಕಾಯಿಸಿದರೆ ಕಿಣ್ವವೇ ಕೆಡುತ್ತದೆ. ಹೆಚ್ಚಿದ ದಿನವೇ ಸಿಪ್ಪೆಯನ್ನು ಅರೆದು, ಸೋಸಿ, ತಂಪಿನಲ್ಲಿಟ್ಟ ರಸಕ್ಕೆ ಆಲ್ಕೋಹಾಲ್ ಅಥವಾ ಅಮೋನಿಯಂ ಸಲ್ಫೇಟ್ ಬೆರೆಸಿ ಕಿಣ್ವವನ್ನು ತಳಕ್ಕಿಳಿಸಿ, ಶೈತ್ಯದಲ್ಲಿ ಒಣಗಿಸಬೇಕಾಗುತ್ತದೆ. ಕಬ್ಬಿಣ, ತಾಮ್ರದ ಪಾತ್ರೆಗಳು ಬೇಡ.

ಯಂತ್ರ ಕೊಳ್ಳುವ ಮೊದಲು ಅಡುಗೆಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಜೆಲ್ಲಿ ಗಟ್ಟಿಯಾಗಲು ಬಳಸುವ ಜಿಲೆಟಿನ್ ಕೂಡ ಪ್ರೋಟೀನೇ. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಆರಿಸಿ, ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ಹಸಿ ಸಿಪ್ಪೆಯ ರಸ, ಇನ್ನೊಂದಕ್ಕೆ ಅದೇ ರಸವನ್ನು ಕುದಿಸಿ ಆರಿಸಿ ಬೆರೆಸಿ, ಫ್ರಿಜ್‌ನಲ್ಲಿಡಿ. ಕುದಿಸಿದ್ದು ಗಟ್ಟಿಯಾಗಿ ಹಸಿಯದು ನೀರಾಗಿಯೇ ಉಳಿದರೆ ಕಿಣ್ವ ಜೀವಂತವಿದೆ ಎಂದರ್ಥ. ಹಾಲಿನಲ್ಲಿ ನೋಡಬೇಡಿ, ಹುಳಿಗೂ ಹಾಲು ಒಡೆಯುತ್ತದೆ. ಚೈನಾ ಗ್ರಾಸ್ ಕೂಡ ಬೇಡ. ಅದು ಪ್ರೋಟೀನೇ ಅಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಮಾರಾಟದ ಮಾತೇ ಬೇರೆ. ಕೊಳ್ಳುವವರು ಕೇಳುವುದು ಕಿಲೋ ಲೆಕ್ಕವನ್ನಲ್ಲ, ಪ್ರತಿ ಗ್ರಾಮಿನ ಕಿಣ್ವಶಕ್ತಿಯನ್ನು. ಅದರೊಂದಿಗೆ ಸೂಕ್ಷ್ಮಾಣುಗಳ ಎಣಿಕೆ ಮತ್ತು ಕೀಟನಾಶಕದ ಉಳಿಕೆಯ ವರದಿಯನ್ನು. ಕೀಟನಾಶಕ ಹೊರಸಿಪ್ಪೆಯಲ್ಲೇ ಹೆಚ್ಚು ಉಳಿಯುವುದರಿಂದ, ಹಣ್ಣು ಎಲ್ಲಿಂದ ಬಂತೆಂಬುದನ್ನು ಬರೆದಿಡಿ. ನೀರಿರುವ ಕ್ರೀಮಿನಲ್ಲಿ ಕಿಣ್ವ ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಬಳಸುವಾಗ ನೀರು ಬೆರೆಸುವ ಪುಡಿಲೇಪಕ್ಕೆ ಇದು ಹೆಚ್ಚು ಹೊಂದುತ್ತದೆ. ಕ್ರೀಮನ್ನು ನೀವೇ ತಯಾರಿಸಿ ಮಾರುವುದಾದರೆ 2020ರ ಸೌಂದರ್ಯವರ್ಧಕ ನಿಯಮಗಳಂತೆ ಪರವಾನಗಿ ಪಡೆಯಬೇಕು.

ಇನ್ನೊಂದು ಮಾತು: ಈ ಪುಡಿಯನ್ನು ಉಸಿರಾಡಿದವರಿಗೆ ಅಲರ್ಜಿ, ಆಸ್ತಮಾ ಬರಬಹುದು. ಬೆರಳು ಸವೆದವರನ್ನೇ ಮಾಸ್ಕ್ ಇಲ್ಲದೆ ಪುಡಿಯ ಕೋಣೆಗೆ ಕಳಿಸಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಬಟ್ಟಲುಗಳನ್ನಿಟ್ಟು ಬೆಳಿಗ್ಗೆ ನೋಡಿದೆ: ಕುದಿಸಿದ್ದು ಚಮಚ ನಿಲ್ಲುವಷ್ಟು ಗಟ್ಟಿಯಾಗಿತ್ತು, ಹಸಿಯದು ಓರೆ ಮಾಡಿದೊಡನೆ ಸುರಿಯಿತು. ಆದರೆ ನಮ್ಮಲ್ಲಿ ಸಿಪ್ಪೆ ಸಂಜೆಯವರೆಗೂ ನೆಲದ ಮೇಲೆ ನೊಣ ಮುತ್ತಿಕೊಂಡು ಬಿದ್ದಿರುತ್ತದೆ; ಸೂಕ್ಷ್ಮಾಣುಗಳ ವರದಿಯಲ್ಲಿ ಅದು ಖಂಡಿತ ಸೋಲುತ್ತದೆ. ಕೈಗವಸು ಇಂದೇ ತರಿಸಿದ್ದೇನೆ. ಸಿಪ್ಪೆಗೆ ಮುಚ್ಚಳವಿರುವ ಸ್ಟೀಲ್ ಡ್ರಮ್ಮುಗಳ ಬೆಲೆಯನ್ನು ವಿಚಾರಿಸುತ್ತಿದ್ದೇನೆ.