ಇಂಟರ್ನ್ ಆಗಿ ಮೊದಲ ವಾರ: ನಕ್ಷೆ ಹಿಡಿದು ಜನರ ಮುಂದೆ ನಿಲ್ಲುವುದು ಹೇಗೆ?

ಪ್ರಶ್ನೆ (ಹೊಸ ಇಂಟರ್ನ್):

ನಮಸ್ಕಾರ. ವಾಸ್ತುಶಿಲ್ಪ ಪದವಿಯ ನಾಲ್ಕನೆಯ ವರ್ಷದಲ್ಲಿದ್ದೇನೆ. ಸೋಮವಾರದಿಂದ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿ ಇಂಟರ್ನ್. ಕಾಲೇಜಿನಲ್ಲಿ ನಾನು ಬಿಡಿಸಿದ ಕಟ್ಟಡಗಳಲ್ಲೆಲ್ಲ ಜನ ಇದ್ದದ್ದು ಕಪ್ಪು ಆಕೃತಿಗಳಾಗಿ, ಸಲ್ಲಿಕೆಯ ಹಿಂದಿನ ರಾತ್ರಿ ಅಂಟಿಸಿದವರು. ಬಳಸುವವರ ಜೊತೆ ಕುಳಿತು ವಿನ್ಯಾಸ ಮಾಡುವುದನ್ನು ಕಲಿಯಬೇಕೆಂದೇ ಈ ಕಚೇರಿಯನ್ನು ಹುಡುಕಿಕೊಂಡು ಬಂದೆ.

ಮೊದಲ ಕೆಲಸ, ಒಂದು ಸಣ್ಣ ಉದ್ಯಾನದ ಮರುವಿನ್ಯಾಸಕ್ಕೆ ಅಕ್ಕಪಕ್ಕದವರ ಅಭಿಪ್ರಾಯ ಸಂಗ್ರಹ. ಇಪ್ಪತ್ತು ಪ್ರಶ್ನೆಗಳ ಹಾಳೆ, ಬಣ್ಣ ತುಂಬಿದ ನಕ್ಷೆ ಹಿಡಿದು ಹೋದೆ. ಒಬ್ಬ ಅಜ್ಜಿ ನಕ್ಷೆಯನ್ನು ತಲೆಕೆಳಗಾಗಿ ಹಿಡಿದರು. ವಿನಯದಿಂದಲೇ ತಿರುಗಿಸಿ ಕೊಟ್ಟೆ. ಅವರು ಮತ್ತೆ ಮೊದಲಿನಂತೆ ತಿರುಗಿಸಿಕೊಂಡು, "ನಾನು ಬರುವುದು ಈ ಕಡೆಯ ಗೇಟಿನಿಂದ ಅಲ್ಲವೇನಮ್ಮ?" ಎಂದರು. ನಡೆದು ಬರುವ ದಿಕ್ಕಿಗೆ ಹಿಡಿದಿದ್ದರು. ಉತ್ತರ ಮೇಲಿರಬೇಕೆಂಬುದು ನನ್ನ ಪಾಠ, ಅವರದಲ್ಲ. ಬೆಂಚು ಎಲ್ಲಿ ಬೇಕೆಂದು ಕೇಳಿದರೆ, "ಸಂಜೆ ನಾಲ್ಕಕ್ಕೆ ನೆರಳು ಎಲ್ಲಿರುತ್ತದೆ?" ಎಂದು ನನ್ನನ್ನೇ ಕೇಳಿದರು. ಗೊತ್ತಿರಲಿಲ್ಲ. ನನ್ನ ನಕ್ಷೆಯ ಮರಗಳ ನೆರಳು ಅಂದಕ್ಕೆ ಹಾಕಿದ್ದು.

ಹಾಳೆಯನ್ನು ಬದಿಗಿಟ್ಟರೆ ಮಾತು ಎಲ್ಲಿಂದ ಶುರು ಮಾಡಬೇಕು? ಎರಡು ವಾರದಲ್ಲಿ ವರದಿ ಕೊಡಬೇಕು.

ಉತ್ತರ 1 (ಹಳೆಯ ವಾಸ್ತುಶಿಲ್ಪಿ):

ಹಾಳೆಯನ್ನು ಬಿಸಾಡಬೇಡಿ, ಅದರ ಯೋಗ್ಯತೆ ಎಷ್ಟೆಂದು ತಿಳಿದಿರಲಿ. ಅಮೆರಿಕದ ಸಾರ್ವಜನಿಕ ನೀತಿ ತಜ್ಞೆ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ತೋರಿಸಿದರು. ಅಭಿಪ್ರಾಯ ಕೇಳುವುದು ಕೆಳಗಿನಿಂದ ನಾಲ್ಕನೆಯದು. ತುದಿಯಲ್ಲಿ ನಿರ್ಧಾರವೇ ಜನರ ಕೈಯಲ್ಲಿರುತ್ತದೆ. ಕೇಳಿದ ಮೇಲೆ ಏನೇನು ಬದಲಾಗಬಲ್ಲದು ಎಂದು ನಿಮ್ಮ ಮೇಲಿನವರಿಂದ ಮೊದಲೇ ತಿಳಿದುಕೊಳ್ಳಿ. ಬೆಂಚಿನ ಜಾಗ ಆಗಲೇ ನಿಗದಿಯಾಗಿದ್ದರೆ ಆ ಪ್ರಶ್ನೆ ಕೇಳಲೇಬೇಡಿ. ಜನರಿಗೆ ಗೊತ್ತಾಗುತ್ತದೆ, ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಬೈಕರ್ ಬಡಾವಣೆಯನ್ನು ಮತ್ತೆ ಕಟ್ಟುವಾಗ ವಾಸ್ತುಶಿಲ್ಪಿ ರಾಲ್ಫ್ ಅರ್ಸ್ಕಿನ್ ಅವರ ತಂಡ ಕಚೇರಿ ತೆರೆದದ್ದು ಅದೇ ಬಡಾವಣೆಯೊಳಗೆ, ಶವಸಂಸ್ಕಾರದ ಏರ್ಪಾಡು ಮಾಡುತ್ತಿದ್ದವರ ಹಳೆಯ ಅಂಗಡಿಯಲ್ಲಿ. ಯಾರು ಬೇಕಾದರೂ ಒಳಗೆ ಬಂದು ಮಾತಾಡಬಹುದಿತ್ತು. ಅಷ್ಟು ಮಾಡಿಯೂ ಹಳೆಯ ನಿವಾಸಿಗಳಲ್ಲಿ ಹೆಚ್ಚಿನವರಿಗೆ ಹೊಸ ಮನೆಗಳು ದಕ್ಕಲಿಲ್ಲ. ಹೊಗಳುವವರು ಈ ಭಾಗವನ್ನು ಹೇಳುವುದು ಕಡಿಮೆ.

ಉತ್ತರ 2 (ಗಾಲಿಕುರ್ಚಿಯಲ್ಲಿ ಓಡಾಡುವವನು):

ಮಾತಿನಿಂದ ಶುರು ಮಾಡಬೇಡಿ, ಜೊತೆಗೆ ಬನ್ನಿ. ನಾನು ಹೋಗುವ ಒಂದು ಕಟ್ಟಡದ ಇಳಿಜಾರು 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಲೆಕ್ಕ ಕರಾರುವಾಕ್ಕು. ಆದರೆ ಮೇಲೆ ತಲುಪಿದರೆ ಬಾಗಿಲು ನನ್ನ ಕಡೆಗೇ ತೆರೆಯುತ್ತದೆ, ಹಿಂದೆ ಸರಿದು ನಿಲ್ಲಲು ಸಮತಟ್ಟಾದ ಜಾಗವಿಲ್ಲ. ಒಂದು ಕೈಯಲ್ಲಿ ಚಕ್ರವನ್ನು ಬಿಗಿಹಿಡಿದು ಇನ್ನೊಂದರಲ್ಲಿ ಬಾಗಿಲು ಎಳೆದರೆ ಅದು ಬಂದು ಮೊಣಕಾಲಿಗೆ ಬಡಿಯುತ್ತದೆ. "ಇಳಿಜಾರು ಇದೆಯೇ?" ಎಂದು ನಿಮ್ಮ ಹಾಳೆ ಕೇಳಿದ್ದರೆ ನಾನೂ "ಇದೆ" ಎಂದೇ ಬರೆಯುತ್ತಿದ್ದೆ.

ಉತ್ತರ 3 (ಭೂದೃಶ್ಯ ವಿನ್ಯಾಸಕಿ):

ಒಂದು ಬೆಳಿಗ್ಗೆ, ಒಂದು ಸಂಜೆ, ಒಂದು ರಜಾದಿನ ಸುಮ್ಮನೆ ಕುಳಿತು ನೋಡಿ. ಹುಲ್ಲಿನ ಮೇಲೆ ಸವೆದ ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿ. ನೀವು ಕೇಳುವ ಮೊದಲೇ ಜನ ಕೊಟ್ಟ ಉತ್ತರ ಅದು. ಉದ್ಯಾನದ ಪಕ್ಕದಲ್ಲೇ ಇದ್ದೂ ಒಳಗೆ ಕಾಲಿಡದವರನ್ನೂ ಹುಡುಕಿ. ಅವರನ್ನು ಬಿಟ್ಟ ವರದಿ ಅರ್ಧ ವರದಿ. ಮತ್ತೆ, ನೆರಳು ಋತುವಿಗೆ ತಕ್ಕಂತೆ ಸರಿಯುತ್ತದೆ. ಒಂದು ದಿನ ನೋಡಿ ಬೆಂಚು ನೆಟ್ಟುಬಿಡಬೇಡಿ.

ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಧನ್ಯವಾದ. ವಿಚಾರಿಸಿದೆ. ಬೆಂಚುಗಳ ಸಂಖ್ಯೆ ನಿಗದಿಯಾಗಿದೆಯಂತೆ, ಜಾಗ ಇನ್ನೂ ಆಗಿಲ್ಲ. ಹಾಗಾಗಿ ಜಾಗವನ್ನಷ್ಟೇ ಕೇಳುತ್ತಿದ್ದೇನೆ. ನಿನ್ನೆ ನಾಲ್ಕಕ್ಕೆ ಅಜ್ಜಿಯ ಜೊತೆ ಅವರ ಗೇಟಿನಿಂದಲೇ ಒಳಗೆ ಹೋದೆ. ನೆರಳು ಇದ್ದದ್ದು ನಾನು ಹೂವಿನ ಪಾತಿ ಬಿಡಿಸಿದ್ದ ಮೂಲೆಯಲ್ಲಿ. ನಕ್ಷೆಯಲ್ಲಿ ನನಗೆ ಅತ್ಯಂತ ಇಷ್ಟವಾಗಿದ್ದ ಭಾಗ ಅದು. ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಿದ್ದೇನೆ, ಇನ್ನೂ ಅಳಿಸಿಲ್ಲ.