ಚರ್ಚ್‌ನಲ್ಲಿ ಗಿಟಾರ್ ಇಂಪಾಗಿ ಕೇಳಬೇಕಾದರೆ: ಧ್ವನಿ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಗಾಯನ ವೃಂದದ ಸದಸ್ಯೆ): ನಮ್ಮ ಚರ್ಚ್ ಚಿಕ್ಕದು, ಇನ್ನೂರು ಜನ ಕೂರಬಹುದು. ನುಣುಪಾದ ಗೋಡೆ, ಟೈಲ್ಸ್ ನೆಲ, ಎತ್ತರದ ಛಾವಣಿ. ಅಕೌಸ್ಟಿಕ್ ಗಿಟಾರನ್ನು ಉದ್ದನೆಯ ಕೇಬಲ್‌ನಿಂದ ನೇರವಾಗಿ ಮಿಕ್ಸರ್‌ಗೆ ಸಿಕ್ಕಿಸುತ್ತೇವೆ. ಮನೆಯಲ್ಲಿ ಇಂಪಾಗಿರುವ ವಾದ್ಯ ಸ್ಪೀಕರ್‌ನಲ್ಲಿ ತಗಡು ಬಡಿದಂತೆ ಕೇಳುತ್ತದೆ. ಬಾಸ್ ಏರಿಸಿದರೆ ಊಳಿಡುತ್ತದೆ. ಹಾಡಿನ ಮಾತೇ ತಿಳಿಯುವುದಿಲ್ಲ ಎನ್ನುತ್ತಾರೆ ಫಾದರ್. ಹೊಸ ಗಿಟಾರ್ ಕೊಳ್ಳಬೇಕೆ?

ಉತ್ತರ: ದಯವಿಟ್ಟು ಕೊಳ್ಳಬೇಡಿ. ನಿಮ್ಮ ವಾದ್ಯ ಕೆಟ್ಟಿಲ್ಲ, ಅದು ಮಿಕ್ಸರ್ ತಲುಪುವ ದಾರಿ ಕೆಟ್ಟಿದೆ.

ಗಿಟಾರಿನ ಪಕ್ಕೆಯನ್ನು ನೋಡಿ. ಅಲ್ಲಿ ವಾಲ್ಯೂಮ್ ಗುಂಡಿಯೂ 9 ವೋಲ್ಟ್ ಬ್ಯಾಟರಿಯ ಗೂಡೂ ಇವೆಯೇ? ಎಲ್ಲಿಯೂ ಬ್ಯಾಟರಿ ಇಲ್ಲದೆ, ತಂತಿ ಕೂರುವ ಸ್ಯಾಡಲ್‌ನ ಅಡಿಯಲ್ಲಿ ಪಿಯೆಜೊ ಪಟ್ಟಿ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್) ಮಾತ್ರ ಇದ್ದರೆ ತೊಂದರೆಯ ಬೇರು ಅಲ್ಲೇ ಇದೆ. ಪಿಯೆಜೊ ಕೊಡುವ ಸಂಕೇತ ಬಹಳ ದುರ್ಬಲ. ಅದಕ್ಕೆ ಕನಿಷ್ಠ 10 ಲಕ್ಷ ಓಮ್, ಅಂದರೆ ಒಂದು ಮೆಗಾಓಮ್ ಇಂಪೀಡೆನ್ಸ್ (ಸಂಕೇತದ ಹರಿವಿಗೆ ಒಡ್ಡುವ ತಡೆ) ಇರುವ ಇನ್‌ಪುಟ್ ಬೇಕು. ಸಾಮಾನ್ಯ ಮಿಕ್ಸರ್‌ನ ಲೈನ್ ಇನ್‌ಪುಟ್ ಹತ್ತಿಪ್ಪತ್ತು ಸಾವಿರ ಓಮ್ ಅಷ್ಟೇ. ಅಲ್ಲಿಗೆ ಸಿಕ್ಕಿಸಿದೊಡನೆ ತಗ್ಗು ಸ್ವರಗಳೆಲ್ಲ ಸೋರಿಹೋಗಿ, ಮೇಲಿನ ಕರ್ಕಶ ಸದ್ದು ಮಾತ್ರ ಉಳಿಯುತ್ತದೆ. ಹೀಗೆ ಸೋರಿಹೋದದ್ದನ್ನು ಬಾಸ್ ಗುಂಡಿಯಿಂದ ತುಂಬಿಸಲಾಗದು.

ಇದಕ್ಕೆ ಮದ್ದು ಆಕ್ಟಿವ್ ಡಿಐ ಬಾಕ್ಸ್, ಅಂದರೆ ಗಿಟಾರ್ ಮತ್ತು ಮಿಕ್ಸರ್ ನಡುವೆ ಇಡುವ, ವಿದ್ಯುತ್ತಿನಿಂದ ನಡೆಯುವ ಪುಟ್ಟ ಪೆಟ್ಟಿಗೆ. ಮಿಕ್ಸರ್ ಮೈಕ್ ಕೇಬಲ್‌ನಲ್ಲೇ ಕಳುಹಿಸುವ 48 ವೋಲ್ಟ್ ಫ್ಯಾಂಟಮ್ ಪವರ್‌ನಿಂದ ಅದು ನಡೆಯುತ್ತದೆ. ಕೊಳ್ಳುವಾಗ ಅದರ ಇನ್‌ಪುಟ್ ಇಂಪೀಡೆನ್ಸ್ ಒಂದು ಮೆಗಾಓಮ್ ಅಥವಾ ಹೆಚ್ಚು ಇದೆಯೇ ಎಂದು ಅಂಗಡಿಯವರನ್ನು ಕೇಳಿಯೇ ಕೊಳ್ಳಿ. ಅಗ್ಗವೆಂದು ಪ್ಯಾಸಿವ್ (ವಿದ್ಯುತ್ ಬೇಡದ) ಡಿಐ ತಂದರೆ ಬರಿಯ ಪಿಯೆಜೊಗೆ ಅದು ಸಾಲುವುದಿಲ್ಲ. ಗಿಟಾರಿನಿಂದ ಬಾಕ್ಸ್‌ವರೆಗೆ ಮೂರು ಮೀಟರ್ ಕೇಬಲ್ ಸಾಕು. ಅಲ್ಲಿಂದ ಮಿಕ್ಸರ್‌ವರೆಗೆ ಮೈಕ್‌ಗೆ ಬಳಸುವ ಮೂರು ಪಿನ್ನಿನ ಕೇಬಲ್ ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ.

ಇನ್ನು ಊಳಿಡುವ ವಿಷಯ. ಗಿಟಾರಿನ ಒಡಲು 100 ಹರ್ಟ್ಜ್ ಸುಮಾರಿನಲ್ಲಿ ಒಮ್ಮೆ, 200ರ ಆಸುಪಾಸಿನಲ್ಲಿ ಇನ್ನೊಮ್ಮೆ ತಾನಾಗಿಯೇ ಮಿಡಿಯುತ್ತದೆ. ಸ್ಪೀಕರ್‌ನ ಸದ್ದು ಒಡಲನ್ನು ಅಲುಗಿಸಿ, ಪಿಕಪ್ ಅದನ್ನು ಮತ್ತೆ ಸ್ಪೀಕರ್‌ಗೆ ಕಳುಹಿಸಿದರೆ ಊಳು ಶುರುವಾಗುತ್ತದೆ. ನೀವು ನಿಲ್ಲುವ ಜಾಗವನ್ನು ಮುಖ್ಯ ಸ್ಪೀಕರ್‌ಗಳಿಗಿಂತ ಹಿಂದಕ್ಕೆ ಸರಿಸಿ. ಗಿಟಾರಿನ ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿ. ತಗ್ಗು ಸ್ವರಗಳನ್ನು ಕತ್ತರಿಸುವ, ಮಿಕ್ಸರ್‌ನ ಲೋ ಕಟ್ ಗುಂಡಿಯನ್ನು ಒತ್ತಿ. ಅತಿ ದಪ್ಪನೆಯ ಇ ತಂತಿಯ ಮೂಲ ಸ್ವರ 82 ಹರ್ಟ್ಜ್, ಸ್ವಲ್ಪ ಕುಗ್ಗುತ್ತದೆ ನಿಜ. ಆದರೆ ಅದರ ಮೇಲಿನ ಸ್ವರಗಳಿಂದಲೇ ಕಿವಿ ಅದನ್ನು ಗುರುತಿಸುತ್ತದೆ. ಇಷ್ಟಾದ ಮೇಲೂ ಒಂದೇ ಸ್ವರ ಗುಂಯ್‌ಗುಟ್ಟಿದರೆ ಮಿಡ್ ಗುಂಡಿಯನ್ನು ಆರು ಡೆಸಿಬಲ್ ಇಳಿಸಿ, ಅದರ ಫ್ರೀಕ್ವೆನ್ಸಿ ಗುಂಡಿಯನ್ನು 100ರಿಂದ 250 ಹರ್ಟ್ಜ್‌ವರೆಗೆ ಮೆಲ್ಲನೆ ಹೊರಳಿಸಿ, ಗದ್ದಲ ಅಡಗುವ ಜಾಗದಲ್ಲಿ ನಿಲ್ಲಿಸಿ.

ಮಿಕ್ಸರ್‌ನಲ್ಲಿ ರಿವರ್ಬ್ (ಕೃತಕ ಮಾರ್ದನಿ) ಹಾಕಲೇಬೇಡಿ! ಆ ಕೆಲಸವನ್ನು ನಿಮ್ಮ ಗೋಡೆಗಳು ಬೇಕಾದದ್ದಕ್ಕಿಂತ ಹೆಚ್ಚೇ ಮಾಡುತ್ತಿವೆ.

ಪ್ರಶ್ನೆ (ಅದೇ ಸದಸ್ಯೆ): ಬ್ಯಾಟರಿ ಇಲ್ಲ, ನೀವು ಹೇಳಿದ್ದೇ ಸರಿ. ಆದರೆ ಶನಿವಾರ ಅಭ್ಯಾಸದಲ್ಲಿ ಹೊಂದಿಸಿದ್ದು ಭಾನುವಾರದ ಪೂಜೆಯಲ್ಲಿ ಬದಲಾಗುವುದೇಕೆ?

ಉತ್ತರ: ಜನ ತುಂಬಿದಾಗ ಬಟ್ಟೆ, ಮೈ ಎಲ್ಲವೂ ಎತ್ತರದ ಸ್ವರಗಳನ್ನು ಹೀರಿಕೊಳ್ಳುತ್ತವೆ. ತಗ್ಗಿನವು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಆದ್ದರಿಂದ ಖಾಲಿ ಚರ್ಚ್‌ನಲ್ಲಿ ಕೊಂಚ ಚುರುಕೆನಿಸುವಂತೆ ಬಿಟ್ಟಿರಿ. ಪ್ರವೇಶ ಗೀತೆಯ ಹೊತ್ತಿಗೆ ಯಾರಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲಿ. ನುಡಿಸುವ ಕೈಯೂ ಮುಖ್ಯ: ಕೀಬೋರ್ಡ್‌ನವರ ಎಡಗೈ ತಗ್ಗು ಸ್ವರ ಹಿಡಿದಿರುವಾಗ ಗಿಟಾರ್ ತೆಳುವಾದ ನಾಲ್ಕು ತಂತಿಗಳಲ್ಲಿ, ಕಡಿಮೆ ಹೊಡೆತಗಳಲ್ಲಿ ಇರಲಿ. ಮಾತು ತಾನಾಗಿ ಮೇಲೆ ಬರುತ್ತದೆ. ಜನರು ಬಾಯಿಬಿಟ್ಟು ಹಾಡುವಂತಾದರೆ ಗಿಟಾರ್ ತನ್ನ ಕೆಲಸ ಮಾಡಿದಂತೆ.

ಪ್ರಶ್ನೆ (ಶಿವಮೊಗ್ಗದಿಂದ): ದೊಡ್ಡ ಚರ್ಚ್‌ನ ಹಿಂಭಾಗದಲ್ಲಿ ಪ್ರತಿ ಹೊಡೆತವೂ ಎರಡೆರಡು ಸಲ ಕೇಳುತ್ತದೆ. ಅಲ್ಲಿಯೂ ಸ್ಪೀಕರ್‌ಗಳಿವೆ.

ಉತ್ತರ: ಸದ್ದು ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಮುಂದಿನ ಸ್ಪೀಕರ್ 30 ಮೀಟರ್ ದೂರವಿದ್ದರೆ ಅದರ ಸದ್ದು 90 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ತಂತಿಯಲ್ಲಿ ಬಂದದ್ದು ಆಗಲೇ ಹಿಂದಿನ ಸ್ಪೀಕರ್‌ನಲ್ಲಿ ಕೇಳಿಯಾಗಿರುತ್ತದೆ. ನಗರದ ಸೇಕ್ರೆಡ್ ಹಾರ್ಟ್ ಪ್ರಧಾನಾಲಯದಂಥ ವಿಶಾಲ ಕಟ್ಟಡಗಳಲ್ಲಿ ಈ ಲೆಕ್ಕ ತಪ್ಪಿಸಿಕೊಳ್ಳಲಾಗದು. ಡಿಜಿಟಲ್ ಮಿಕ್ಸರ್ ಇದ್ದರೆ ಹಿಂದಿನ ಸ್ಪೀಕರ್‌ಗಳ ಸಾಲಿಗೆ ಅಷ್ಟೇ ಡಿಲೇ (ವಿಳಂಬ) ಹಾಕಿ.

ಪ್ರಶ್ನೆ (ಸಾಗರದಿಂದ): ಎಲೆಕ್ಟ್ರಿಕ್ ಗಿಟಾರ್ ಆಂಪ್ ಬಗ್ಗೆ? ಮಳೆಗಾಲದಲ್ಲಿ ಗುಂಯ್ ಸದ್ದೂ ಇದೆ.

ಉತ್ತರ: ಚಿಕ್ಕ ಆಂಪ್ ಸಾಕು. ಅದನ್ನು ಜನರತ್ತ ತಿರುಗಿಸದೆ, ನುಡಿಸುವವರ ಕಿವಿಗೆ ಓರೆಯಾಗಿ ಇಟ್ಟು ಮೈಕ್ ಹಿಡಿಯಿರಿ.

ಗುಂಯ್ ಎನ್ನುವುದು 50 ಹರ್ಟ್ಜ್ ವಿದ್ಯುತ್ತಿನ ಹಮ್. ಆಂಪ್, ಮಿಕ್ಸರ್ ಎರಡನ್ನೂ ಒಂದೇ ಬೋರ್ಡಿನಿಂದ ನಡೆಸಿ. ಹಮ್ ಹೋಗಲೆಂದು ಅರ್ಥ್ ಪಿನ್ ಮಾತ್ರ ಎಂದಿಗೂ ಕೀಳಬೇಡಿ; ಒದ್ದೆ ನೆಲದಲ್ಲಿ ಅದು ಜೀವಕ್ಕೇ ಅಪಾಯ. ಹಮ್ ತಡೆಯಲೆಂದೇ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ. ಕರೆಂಟ್ ಹೋದಾಗ ಮಾತ್ರ ಸದ್ದು ಹೆಚ್ಚಾದರೆ ಇನ್ವರ್ಟರ್ ಸೈನ್ ವೇವ್ ಬಗೆಯದೇ ಎಂದು ಪರೀಕ್ಷಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾದ್ಯವನ್ನು ಗೋಡೆಗೆ ಒರಗಿಸಿ ಬಿಡಬೇಡಿ. ತಂತಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪೆಟ್ಟಿಗೆಯಲ್ಲಿಡಿ. ತೇವಕ್ಕೆ ಮರ ಉಬ್ಬಿ ತಂತಿಗಳು ಮೇಲೆದ್ದಿದ್ದರೆ ನೆಕ್ ಒಳಗಿನ ಸರಳನ್ನು (ಟ್ರಸ್ ರಾಡ್) ತಿರುಗಿಸುವ ಮೊದಲು ಒಂದೆರಡು ವಾರ ಹೀಗೆ ಒಣಗಲು ಬಿಡಿ.