ರೂಯ್ಸ್‌ಡಾಲ್ ಕಾಪಿ: ನೆರಳಿನ ಭಾಗ ಒಣಗಿದ ಮೇಲೆ ಮಂಕಾಗಿದೆ, ಏನು ಮಾಡಲಿ?

ಬಣ್ಣದಡಬ್ಬಿ (ಬಸವನಗುಡಿ):
ನಮಸ್ಕಾರ. ಆಯಿಲ್ ಪೇಂಟಿಂಗ್ ಕಲಿಯಲು 17ನೇ ಶತಮಾನದ ಡಚ್ ಚಿತ್ರಕಾರ ಯಾಕೋಬ್ ಫಾನ್ ರೂಯ್ಸ್‌ಡಾಲ್‌ನ ‘ವೈಕ್ ಬೈ ಡೂರ್‌ಸ್ಟೇಡೆಯ ಗಾಳಿಯಂತ್ರ’ ಕಾಪಿ ಮಾಡುತ್ತಿದ್ದೇನೆ. ಸುಮಾರು 1668–70ರ ಚಿತ್ರ, ಆಮ್‌ಸ್ಟರ್‌ಡಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಅವರ ವೆಬ್‌ಸೈಟಿನಲ್ಲಿ ದೊಡ್ಡ ಫೈಲ್ ಉಚಿತವಾಗಿ ಸಿಗುತ್ತದೆ. ಅದನ್ನೇ ಪ್ರಿಂಟ್ ಹಾಕಿಸಿ ಎದುರಿಗಿಟ್ಟುಕೊಂಡಿದ್ದೇನೆ.

ಮೋಡಗಳು ಚೆನ್ನಾಗಿ ಬಂದಿವೆ. ತೊಂದರೆ ಇರುವುದು ಕೆಳಗಿನ ದಡದಲ್ಲಿ ಮತ್ತು ಗಾಳಿಯಂತ್ರದ ನೆರಳಿನ ಬದಿಯಲ್ಲಿ. ಹಚ್ಚಿದಾಗ ಬರ್ನ್ಟ್ ಅಂಬರ್ (ಕಡು ಕಂದು) ಗಾಢವಾಗಿ ಹೊಳೆಯುತ್ತಿತ್ತು. ಒಣಗಿದ ಮೇಲೆ ಅಲ್ಲಲ್ಲಿ ಬೂದು ಬೂದಾಗಿದೆ. ರೆಡಿಮೇಡ್ ಕ್ಯಾನ್ವಾಸ್. ಮೊದಲ ಕೋಟಿಗೆ ಟರ್ಪೆಂಟೈನ್ ಜಾಸ್ತಿ ಸೇರಿಸಿದ್ದೆ. ಮಳೆಗಾಲದ ತೇವದಿಂದ ಹೀಗಾಯಿತಾ? ಕಪ್ಪು ಬಣ್ಣ ಸೇರಿಸಿ ಮತ್ತೆ ಹಚ್ಚಲಾ?

ಲಿನ್ಸೀಡ್ (ಮಲ್ಲೇಶ್ವರ):
ಕಪ್ಪು ಮಾತ್ರ ಸೇರಿಸಬೇಡಿ! ನಿಮ್ಮ ಬಣ್ಣ ಕೆಟ್ಟಿಲ್ಲ. ಅದರ ಎಣ್ಣೆಯನ್ನು ಕೆಳಗಿನ ಗೆಸ್ಸೊ (ಕ್ಯಾನ್ವಾಸಿಗೆ ಮೊದಲೇ ಬಳಿದಿರುವ ಬಿಳಿ ಪದರ) ಹೀರಿಕೊಂಡಿದೆ, ಅಷ್ಟೇ. ಅಂಬರ್ ಜಾಸ್ತಿ ಎಣ್ಣೆ ಬೇಡುವ ಮಣ್ಣಿನ ಬಣ್ಣ. ಟರ್ಪೆಂಟೈನ್ ಸೇರಿಸಿದಾಗ ಇರುವ ಎಣ್ಣೆಯೂ ತೆಳುವಾಗುತ್ತದೆ. ಕೊನೆಗೆ ಮೇಲ್ಮೈ ಒರಟಾಗಿ, ಬಿದ್ದ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ. ಕಣ್ಣಿಗೆ ಅದೇ ಬೂದು. ಒಣ ಕಡಪ ಕಲ್ಲು ಮಂಕಾಗಿದ್ದು, ನೀರು ಬಿದ್ದ ಕೂಡಲೇ ಕಪ್ಪಾಗುತ್ತದಲ್ಲ, ಹಾಗೇ. ಮೋಡದಲ್ಲೂ ಸ್ವಲ್ಪ ಎಣ್ಣೆ ಇಳಿದಿರಬಹುದು, ಆದರೆ ತಿಳಿ ಬಣ್ಣದಲ್ಲಿ ಅದು ಎದ್ದು ಕಾಣುವುದಿಲ್ಲ.

ಮಳೆಯದ್ದು ಬೇರೆ ವಿಷಯ. ಎಣ್ಣೆ ಬಣ್ಣ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ತಂಪಿನಲ್ಲಿ, ತೇವದಲ್ಲಿ ಅದು ನಿಧಾನ. ಮಂಕಾಗಲು ಅದು ಕಾರಣವಲ್ಲ.

ಮೊದಲು ಪರೀಕ್ಷೆ ಮಾಡಿ. ಮುಟ್ಟಿದರೆ ಅಂಟದಷ್ಟು ಒಣಗಿದೆಯಾ ನೋಡಿ. ಮಂಕಾದ ಒಂದು ಮೂಲೆಗೆ ಒಂದು ಹನಿ ಲಿನ್ಸೀಡ್ ಎಣ್ಣೆ (ಅಗಸೆ ಎಣ್ಣೆ) ಬೆರಳಲ್ಲಿ ಸವರಿ. ಬಣ್ಣ ತಕ್ಷಣ ಗಾಢವಾದರೆ ವಿಷಯ ಇದೇ. ಆಮೇಲೆ ಆ ದಿನ ಕೆಲಸ ಮಾಡುವ ಜಾಗಕ್ಕಷ್ಟೇ, ನೂಲು ಬಿಡದ ಬಟ್ಟೆಯಲ್ಲಿ ಎಣ್ಣೆಯನ್ನು ತೀರಾ ತೆಳುವಾಗಿ ಉಜ್ಜಿ. ಕೆಲವು ನಿಮಿಷ ಬಿಟ್ಟು, ಉಳಿದದ್ದನ್ನು ಚೆನ್ನಾಗಿ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಮುಂದೆ ಹಳದಿಯಾಗುತ್ತದೆ.

ಈಗ ಪ್ರಿಂಟಿನ ಜೊತೆ ಹೋಲಿಸಿ. ನೆರಳು ಆಗಲೇ ಸಾಕಷ್ಟು ಗಾಢವಿದೆ ಅಂತ ಗೊತ್ತಾಗಬಹುದು. ಇನ್ನೂ ಬೇಕಾದರೆ ಅಂಬರ್ ಜೊತೆ ಅಲ್ಟ್ರಾಮರೀನ್ ನೀಲಿ ಬೆರೆಸಿ. ಕೊಳವೆಯ ಕಪ್ಪಿಗಿಂತ ಆಳ ಜಾಸ್ತಿ ಬರುತ್ತದೆ. ಈ ಕೋಟಿನಲ್ಲಿ ಎಣ್ಣೆ ಕೆಳಗಿನದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ. ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ.

ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಲಿನ್ಸೀಡ್ ಒಣಗುವಾಗ ಬಿಸಿಯಾಗಿ, ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ.

ಕುಂಚ (ಶೇಷಾದ್ರಿಪುರ):
ಮೇಲಿನದ್ದೆಲ್ಲ ಸರಿ. ಆಕಾಶದ ಬಗ್ಗೆ ಒಂದು ಮಾತು. 17ನೇ ಶತಮಾನದವರು ಹೆಚ್ಚಾಗಿ ಬಳಸಿದ ಸ್ಮಾಲ್ಟ್ ಎಂಬ ನೀಲಿ ಕಾಲ ಕಳೆದಂತೆ ಬೂದಾಗುತ್ತದೆ. ಆ ಕಾಲದ ಚಿತ್ರದಲ್ಲಿ ಕಾಣುವ ಬೂದೆಲ್ಲ ಕಲಾವಿದ ಹಚ್ಚಿದ್ದೇ ಅಂತ ತಿಳಿಯಬೇಡಿ.

ಬಣ್ಣದಡಬ್ಬಿ:
ಎಣ್ಣೆ ಸವರಿದೆ, ತಕ್ಷಣ ಗಾಢವಾಯಿತು! ತುಂಬಾ ಥ್ಯಾಂಕ್ಸ್ ಸರ್. ಕೆಲಸ ಮುಗಿದಿರುವ ಜಾಗಗಳೂ ಸ್ವಲ್ಪ ಮಂಕಾಗಿವೆ. ಅಲ್ಲಿಗೂ ಎಣ್ಣೆ ಹಚ್ಚಲಾ?

ಲಿನ್ಸೀಡ್:
ಬೇಡ, ಮತ್ತೆ ಬಣ್ಣ ಹಚ್ಚದ ಕಡೆ ಸುಮ್ನೆ ಬಿಡಿ. ಪೂರ್ತಿ ಮುಗಿದು ಆರು ತಿಂಗಳಾದರೂ ಕಳೆದ ಮೇಲೆ ಡಾಮರ್ ವಾರ್ನಿಶ್ (ಮರದ ಅಂಟಿನಿಂದ ಮಾಡಿದ ವಾರ್ನಿಶ್) ಕೊಡಿ, ಹೊಳಪು ಎಲ್ಲ ಕಡೆ ಸಮವಾಗುತ್ತದೆ. ನಡುವೆಯೇ ನೋಡಬೇಕೆನಿಸಿದರೆ ರೀಟಚಿಂಗ್ ವಾರ್ನಿಶ್ (ಕೆಲಸದ ನಡುವೆ ಹಚ್ಚುವ ತಾತ್ಕಾಲಿಕ ವಾರ್ನಿಶ್) ತೆಳುವಾಗಿ ಹೊಡೆಯಿರಿ, ಕಿಟಕಿ ತೆಗೆದಿಟ್ಟು.